ದೂರದ ರೇಕಿಗೆ ಹತ್ತಿರ ಕೂರುವವರು ಬೇಕು

"ಅಕ್ಕಾ, ನಮ್ಮ ನಾಯಿಗೆ ಹುಷಾರಿಲ್ಲ. ಫೋಟೋ ಕಳಿಸ್ತೀನಿ, ಸ್ವಲ್ಪ ಹೀಲಿಂಗ್ ಕೊಡ್ತೀರಾ?" ಇಂಥ ಮೆಸೇಜು ನನ್ನ ಫೋನಿಗೆ ಬರುತ್ತಲೇ ಇರುತ್ತವೆ. ನಾಯಿ, ಬೆಕ್ಕು, ಊರ ಕಡೆಯವರದಾದರೆ ದನ, ಕರು. ಎಲ್ಲರಿಗೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಡಾಕ್ಟರಿಗೆ ತೋರಿಸಿದ್ರಾ?" ಕೆಲವರಿಗೆ ಇದರಿಂದ ಬೇಜಾರಾಗುತ್ತದೆ. ರೇಕಿ, ಅಂದರೆ ಕೈ ಇಟ್ಟೋ ದೂರ ಕೂತೋ ಶಕ್ತಿ ಕೊಡುವ ಪದ್ಧತಿ, ಅದನ್ನು ಮಾಡುವವರೇ ಹೀಗೆ ಕೇಳಿದರೆ ಹೇಗೆ ಅಂತ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ. ನಾನು ಏನು ಮಾಡುತ್ತೇನೆ, ಏನು ಮಾಡುವುದಿಲ್ಲ, ನಿಮ್ಮಿಂದ ನನಗೆ ಏನು ಬೇಕು, ಎಲ್ಲ ಒಂದು ಕಡೆ ಇರಲಿ.

ನಾನಿರುವುದು ಮೈಸೂರಿನಲ್ಲಿ. ಬ್ಯಾಂಕಿನ ಕೆಲಸದಿಂದ ನಿವೃತ್ತಿಯಾಗಿದೆ. ತವರುಮನೆ ತೀರ್ಥಹಳ್ಳಿ ಕಡೆ. ಅಡಿಕೆ ತೋಟ, ಮನೆ ಹಿಂದೆ ಕೊಟ್ಟಿಗೆ. ರೇಕಿ ಕಲಿತದ್ದು ಅಮ್ಮ ಹಾಸಿಗೆ ಹಿಡಿದಿದ್ದಾಗ. ಅವರ ಕಾಲಿನ ಮೇಲೆ ಕೈ ಇಟ್ಟು ಕೂತರೆ ಅವರಿಗೆ ನಿದ್ದೆ ಬರುತ್ತಿತ್ತು. ಅಷ್ಟು ಸಾಕಿತ್ತು ನನಗೆ. ಅಮ್ಮ ಹೋದ ಮೇಲೆ ತವರಿನಿಂದ ದನಗಳಿಗೆ ಅಂತ ಕೇಳಲು ಶುರು ಮಾಡಿದರು. ನಾನು ಇಲ್ಲಿ, ದನ ಅಲ್ಲಿ. ಹಾಗೆ ದೂರದಿಂದ ಕೊಡುವುದು ಅಭ್ಯಾಸವಾಯಿತು.

ಗೊತ್ತಿಲ್ಲದವರಿಗೆ ಚೂರು ಹಿನ್ನೆಲೆ ಹೇಳುತ್ತೇನೆ. ರೇಕಿ ಜಪಾನಿನದು. ಮಿಕಾವೊ ಉಸುಯಿ ಎಂಬುವರು ಕ್ಯೋಟೊ ಹತ್ತಿರದ ಕುರಾಮ ಬೆಟ್ಟದಲ್ಲಿ ಉಪವಾಸ ಕೂತು 1922ರಲ್ಲಿ ಇದನ್ನು ಕಂಡುಕೊಂಡರು ಅಂತ ನಮಗೆ ಕಲಿಸುತ್ತಾರೆ. ಅವರ ಶಿಷ್ಯರು ಚುಜಿರೊ ಹಯಾಶಿ. ಹಯಾಶಿಯವರಿಂದ ಕಲಿತ ಹವಾಯೊ ತಕಾತಾ ಎಂಬ ಹೆಂಗಸು 1930ರ ದಶಕದಲ್ಲಿ ಇದನ್ನು ಹವಾಯಿಗೆ ಒಯ್ದರು. ಅಲ್ಲಿಂದ ಅಮೆರಿಕ, ಯುರೋಪು, ಆಮೇಲೆ ನಮ್ಮ ಕಡೆಗೂ ಬಂತು. ಮೊದಲ ಹಂತದಲ್ಲಿ ಕೈ ಇಟ್ಟು ಕೊಡುವುದನ್ನು ಕಲಿಸುತ್ತಾರೆ. ಎರಡನೇ ಹಂತದಲ್ಲಿ, ದೂರ ಇರುವವರಿಗೆ ಅಂತಲೇ, 'ಹೊನ್ ಶ ಜೆ ಶೊ ನೆನ್' ಎಂಬ ಸಂಕೇತ ಕೊಡುತ್ತಾರೆ. ಪ್ರಾಣಿಕ್ ಹೀಲಿಂಗ್ ಬೇರೆಯದು. ಅದು ಫಿಲಿಪ್ಪೀನ್ಸಿನ ಚೋವಾ ಕೋಕ್ ಸುಯಿ ಅವರಿಂದ ಬಂದದ್ದು, ಅದರಲ್ಲಿ ಮೈ ಮುಟ್ಟುವುದೇ ಇಲ್ಲ. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ನನಗೆ ಗೊತ್ತಿರುವುದು ರೇಕಿ ಮಾತ್ರ.

ಹೆಸರು ಜಪಾನಿನದಾದರೂ ದೂರ ಕೂತು ಒಂದು ಜೀವಕ್ಕೆ ಒಳ್ಳೆಯದಾಗಲಿ ಅನ್ನುವುದು ನಮಗೇನೂ ಹೊಸದಲ್ಲ, ಅಲ್ವಾ? ನಮ್ಮ ಅಜ್ಜಿ ಗಬ್ಬದ ದನಕ್ಕೆ ದಿನ ತುಂಬಿತು ಅಂದರೆ ದೇವರ ಮುಂದೆ ತುಪ್ಪದ ದೀಪ ಹಚ್ಚುತ್ತಿದ್ದರು. ಹಚ್ಚಿ ಮಲಗುತ್ತಿರಲಿಲ್ಲ. ಲಾಟೀನು ಹಿಡಿದು ಕೊಟ್ಟಿಗೆಗೆ ಹೋಗಿ, ಹುಲ್ಲಿನ ಹೊರೆಗೆ ಒರಗಿ ಕೂತು ಬಿಡುತ್ತಿದ್ದರು. ದೀಪವೂ ಇತ್ತು, ಲಾಟೀನೂ ಇತ್ತು. ನಾನು ದೂರದಿಂದ ಏನು ಮಾಡುತ್ತೇನೋ ಅದು ದೀಪದ ಭಾಗ. ಲಾಟೀನು ಹಿಡಿಯುವವರು ನೀವು. ಇದನ್ನು ಒಪ್ಪಿದವರಿಗೆ ಮಾತ್ರ ನಾನು ಕೂರುವುದು.

ಕೂರುವುದು ಅಂದರೆ ಹೀಗೆ. ರಾತ್ರಿ ಊಟದ ಪಾತ್ರೆ ತೊಳೆದು, ಫೋನು ಸೈಲೆಂಟಿಗೆ ಹಾಕಿ, ಚಾಪೆ ಹಾಸಿ ಕೂರುತ್ತೇನೆ. ಪ್ರಾಣಿಯ ಫೋಟೋ ಮುಂದಿರುತ್ತದೆ. ಸಂಕೇತ ಹಾಕಿ, ಹೆಸರು ಮೂರು ಸಲ ಹೇಳಿ, ಕೈ ಎರಡನ್ನೂ ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಇದು ಹೋಗಲಿ, ಅದು ಬರಲಿ ಅಂತ ಏನೂ ಕೇಳುವುದಿಲ್ಲ. ಆ ಜೀವಕ್ಕೆ ಹಿತವಾಗಲಿ ಅಂತ ಅಷ್ಟೇ. ಸುಮಾರು ಇಪ್ಪತ್ತು ನಿಮಿಷ. ಅದೇ ಹೊತ್ತಿಗೆ ಆ ಕಡೆ ಮನೆಯವರಲ್ಲಿ ಒಬ್ಬರು ಪ್ರಾಣಿಯ ಪಕ್ಕದಲ್ಲಿ ಕೂರಬೇಕು. ಟಿವಿ ಇಲ್ಲ, ಫೋನು ಇಲ್ಲ, ಮಾತಿಲ್ಲ. ಇದು ನನ್ನ ಷರತ್ತು.

ಪಕ್ಕದಲ್ಲಿ ಕೂರುವುದಕ್ಕೂ ಒಂದು ರೀತಿ ಇದೆ. ಎದುರಿಗೆ ಕೂತು ಮುಖವನ್ನೇ ದಿಟ್ಟಿಸಬೇಡಿ, ನಾಯಿಗೆ ಅದು ಇಷ್ಟವಾಗುವುದಿಲ್ಲ. ಪಕ್ಕಕ್ಕೆ ತಿರುಗಿ, ನೆಲದ ಮೇಲೆ ಕೂತುಕೊಳ್ಳಿ. ಅದು ಹತ್ತಿರ ಬಂದರೆ ಬರಲಿ, ಎದ್ದು ಹೋದರೆ ಹೋಗಲಿ, ಹಿಡಿದು ಕೂರಿಸಬೇಡಿ. ನಾಯಿ ಆಕಳಿಸಿತು, ತುಟಿ ನೆಕ್ಕಿಕೊಂಡಿತು, ಶಕ್ತಿ ತಗೊಳ್ತಾ ಇದೆ ಅಂತ ನಮ್ಮವರಲ್ಲೇ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಾಯಿಗೆ ಕಸಿವಿಸಿಯಾದಾಗಲೂ ಆಕಳಿಸುತ್ತದೆ, ತುಟಿ ನೆಕ್ಕುತ್ತದೆ, ಮುಖ ಆ ಕಡೆ ತಿರುಗಿಸುತ್ತದೆ. ಹಾಗೆ ಮಾಡಿದರೆ ಇನ್ನೊಂದು ಮಾರು ದೂರ ಸರಿದು ಕೂರಿ.

ಮತ್ತೆ ಉಸಿರು ಎಣಿಸಿ. ಇದನ್ನು ನಾನು ಎಲ್ಲರ ಕೈಲೂ ಮಾಡಿಸುತ್ತೇನೆ. ನಾಯಿಯೋ ಬೆಕ್ಕೋ ಗಾಢ ನಿದ್ದೆಯಲ್ಲಿದ್ದಾಗ ಪಕ್ಕೆಲುಬಿನ ಕಡೆ ನೋಡಿ. ಎದೆ ಏರಿ ಇಳಿದರೆ ಒಂದು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30ರ ಒಳಗಿದ್ದರೆ ಸಾಮಾನ್ಯವಾಗಿ ಯೋಚನೆ ಇಲ್ಲ. ಮಲಗಿದಾಗಲೂ ಪದೇ ಪದೇ 30 ದಾಟುತ್ತಿದ್ದರೆ ಡಾಕ್ಟರಿಗೆ ಫೋನ್ ಮಾಡಬೇಕು. ಹೃದಯದ ತೊಂದರೆ ಇರುವ ನಾಯಿಗಳ ಮನೆಯವರಿಗೆ ಪಶುವೈದ್ಯರೇ ಈ ಲೆಕ್ಕ ಬರೆದಿಡಲು ಹೇಳುತ್ತಾರೆ. ಬೆಕ್ಕು ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಎಣಿಸುತ್ತಾ ಕೂರಬೇಡಿ, ಕೂಡಲೇ ಹೊರಡಿ.

ದಿನಾ ಇಪ್ಪತ್ತು ನಿಮಿಷ ಹೀಗೆ ಒಂದು ಪ್ರಾಣಿಯ ಪಕ್ಕ ಸುಮ್ನೆ ಕೂತರೆ ಎಷ್ಟೊಂದು ಕಾಣಿಸುತ್ತದೆ ಗೊತ್ತಾ? ದನ ಮೆಲುಕು ಹಾಕುತ್ತಿದೆಯಾ ಇಲ್ಲವಾ, ಮೂಗಿನ ಮೇಲೆ ಪಸೆ ಇದೆಯಾ, ಯಾವ ಕಾಲಿಗೆ ಭಾರ ಬಿಡುತ್ತಿಲ್ಲ, ಕಿವಿ ಸಂದಿಯಲ್ಲಿ ಉಣುಗು ಕೂತಿದೆಯಾ. ಓಡಾಡುತ್ತಾ ಹಿಂಡಿ ಹಾಕಿ, ನೀರಿಟ್ಟು ಹೋಗುವವರಿಗೆ ಇದು ಕಣ್ಣಿಗೆ ಬೀಳುವುದಿಲ್ಲ. ನನ್ನ ಕಡೆಯಿಂದ ಏನು ತಲುಪುತ್ತದೋ ಅದು ದೇವರಿಗೆ ಬಿಟ್ಟದ್ದು. ಆದರೆ ನಿಮ್ಮ ಗಮನ ಆ ಪ್ರಾಣಿಗೆ ಖಂಡಿತ ತಲುಪುತ್ತದೆ.

ತುಂಗೆಯ ವಿಷಯ ಹೇಳುತ್ತೇನೆ. ನಮ್ಮ ಅಣ್ಣನ ಮನೆಯ ಜರ್ಸಿ ಮಿಶ್ರತಳಿ ದನ ಅದು. ಕರಾವು ಚೆನ್ನಾಗಿತ್ತು. ಕರು ಹಾಕಿದ ಮಾರನೇ ದಿನ ರಾತ್ರಿ ಅಣ್ಣನ ಮಗ ಫೋನ್ ಮಾಡಿದ.

"ಅತ್ತೆ, ತುಂಗೆ ಏಳ್ತಾ ಇಲ್ಲ. ಬೆಳಿಗ್ಗೆ ಗಿಣ್ಣದ ಹಾಲು ಕರೆದಾಗ ಸರಿ ಇತ್ತು. ಸಂಜೆಯಿಂದ ತೂರಾಡ್ತಾ ಇತ್ತು, ಈಗ ಮಲಗಿಬಿಟ್ಟಿದೆ. ನೀವು ಒಂಚೂರು ರೇಕಿ ಕೊಡಿ."

"ಕುತ್ತಿಗೆ ಹೇಗಿಟ್ಟುಕೊಂಡಿದೆ ನೋಡು."

"ಹೊಟ್ಟೆ ಕಡೆ ತಿರುಗಿಸಿ ಇಟ್ಟಿದೆ. ನೆಟ್ಟಗೆ ಮಾಡಿದ್ರೆ ಮತ್ತೆ ಅಲ್ಲಿಗೇ ಹೋಗ್ತದೆ."

"ಕಿವಿ ಮುಟ್ಟು ಮಾರಾಯ. ಬಿಸಿ ಇದ್ಯಾ?"

"ತಣ್ಣಗಿದೆ ಅತ್ತೆ. ಐಸ್ ಇದ್ದಂಗೆ ಇದೆ."

ಅಷ್ಟು ಸಾಕು. ಮಲೆನಾಡಿನ ಕೊಟ್ಟಿಗೆಯಲ್ಲಿ ಬೆಳೆದವರಿಗೆ ಇದು ಹಾಲುಜ್ವರ ಇರಬಹುದು ಅಂತ ಹೊಳೆಯುತ್ತದೆ. ಹೆಸರಿನಲ್ಲಿ ಜ್ವರ ಇದೆ, ಮೈ ಮಾತ್ರ ತಣ್ಣಗಾಗುತ್ತದೆ. ಕರು ಹಾಕಿದ ಕೂಡಲೇ ಮೈಯಲ್ಲಿನ ಕ್ಯಾಲ್ಸಿಯಂ ಎಲ್ಲ ಗಿಣ್ಣದ ಹಾಲಿಗೆ ಹೋಗುತ್ತದೆ, ರಕ್ತದಲ್ಲಿ ಕಡಿಮೆಯಾಗುತ್ತದೆ, ಸ್ನಾಯುಗಳು ಕೆಲಸ ನಿಲ್ಲಿಸುತ್ತವೆ. ಜಾಸ್ತಿ ಹಾಲು ಕೊಡುವ ದನಗಳಿಗೆ, ಅದರಲ್ಲೂ ಜರ್ಸಿಗೆ, ಮೂರನೇ ಕರುವಿನ ನಂತರ ಇದು ಬರುವುದು ಹೆಚ್ಚು. ಬಿಟ್ಟರೆ ಕೆಲವೇ ಗಂಟೆಗಳಲ್ಲಿ ದನ ಸಾಯಬಹುದು.

"ಈಗಲೇ ಡಾಕ್ಟರಿಗೆ ಫೋನ್ ಮಾಡು. ಬಾಯಿಗೆ ನೀರು, ಗಂಜಿ, ಕಷಾಯ ಎಂತದೂ ಹಾಕಬೇಡ, ನುಂಗಕ್ಕೆ ಆಗದೆ ಶ್ವಾಸಕೋಶಕ್ಕೆ ಹೋಗ್ತದೆ. ಅಡ್ಡ ಮಲಗಕ್ಕೆ ಬಿಡಬೇಡ. ಎರಡೂ ಕಡೆ ಒಣ ದರಗೆಲೆ ತುಂಬಿದ ಚೀಲ ಒತ್ತಿ ಇಟ್ಟು ಎದೆ ಮೇಲೆ ಕೂರಿಸು. ಅಲ್ಲೇ ಇರು."

ಡಾಕ್ಟರು ಬಂದರು. ಕುತ್ತಿಗೆಯ ರಕ್ತನಾಳಕ್ಕೆ ಕ್ಯಾಲ್ಸಿಯಂ ಬಾಟಲಿ ಹಚ್ಚಿದರು. ಬಹಳ ನಿಧಾನ ಬಿಡಬೇಕು ಅದನ್ನು, ಜೋರಾಗಿ ಬಿಟ್ಟರೆ ಹೃದಯ ನಿಂತೇ ಹೋಗಬಹುದು. ಎದೆಗೆ ಸ್ಟೆತಸ್ಕೋಪ್ ಇಟ್ಟುಕೊಂಡೇ ಹನಿಸುತ್ತಿದ್ದರಂತೆ. ಬಾಟಲಿ ಮುಗಿಯುತ್ತಾ ಬಂದಾಗ ತುಂಗೆಯ ತೊಡೆಯ ಸ್ನಾಯು ಅದುರಲು ಶುರುವಾಯಿತು. ಮೂಗಿನ ಮೇಲೆ ಬೆವರು ಹನಿ ಮೂಡಿತು. ಒಂದು ದೊಡ್ಡ ತೇಗು ಬಂತು, ಸಗಣಿ ಹಾಕಿತು. ಆಮೇಲೆ ಹಿಂಗಾಲು ಎತ್ತಿ, ಎರಡು ಸಲ ಜಾರಿ, ಮೂರನೇ ಸಲಕ್ಕೆ ಎದ್ದು ನಿಂತಿತು. ಅಣ್ಣನ ಮಗ ವಿಡಿಯೋ ಕಳಿಸಿದ. ಕರು ಆಗಲೇ ಕೆಚ್ಚಲಿಗೆ ಬಾಯಿ ಹಾಕಿತ್ತು. ಕೆಚ್ಚಲು ಪೂರ್ತಿ ಬರಿದು ಮಾಡಬೇಡಿ ಅಂತ ಡಾಕ್ಟರು ಹೇಳಿ ಹೋದರು.

ಫೋನು ಇಟ್ಟ ಮೇಲೆ ನಾನು ಕೂತಿದ್ದೆ, ವಿಡಿಯೋ ಬರುವವರೆಗೂ. ತುಂಗೆಯನ್ನು ಎಬ್ಬಿಸಿದ್ದು ಕ್ಯಾಲ್ಸಿಯಂ. ಅದರಲ್ಲಿ ನನಗೆ ಎರಡು ಮಾತಿಲ್ಲ. ಅತ್ತಿಗೆ ಮಾತ್ರ ಇವತ್ತಿಗೂ "ನೀನು ಕೂತಿದ್ಯಲ್ಲ, ನಮಗೆ ಧೈರ್ಯ ಇತ್ತು" ಅನ್ನುತ್ತಾರೆ. ಆ ಮಾತನ್ನು ನಾನು ಸಂತೋಷದಿಂದ ತೆಗೆದುಕೊಳ್ಳುತ್ತೇನೆ. ಗಾಬರಿ ಬೀಳದ ಮನುಷ್ಯರು ಸುತ್ತ ಇರುವುದು ಪ್ರಾಣಿಗೂ ಒಳ್ಳೆಯದು. ದನದ ಕಣ್ಣು ನೋಡಿದವರಿಗೆ ಅದು ಗೊತ್ತು.

ಇನ್ನು ಕೆಲವರು ಕೇಳುತ್ತಾರೆ, ಇದಕ್ಕೆ ಸೈನ್ಸ್ ಪ್ರೂಫ್ ಇದೆಯಾ ಅಂತ. ದೂರದಿಂದ ರೇಕಿ ಕೊಟ್ಟರೆ ರೋಗ ವಾಸಿಯಾಗುತ್ತದೆ ಅಂತ ತೋರಿಸುವ ಗಟ್ಟಿ ಪುರಾವೆ ಇಲ್ಲ. ನೇರವಾಗಿ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಎಮಿಲಿ ರೋಸಾ ಅಂತ ಒಂದು ಹುಡುಗಿ ಒಂಬತ್ತು ವರ್ಷದವಳಿದ್ದಾಗ ಶಾಲೆಯ ವಿಜ್ಞಾನ ಮೇಳಕ್ಕೆ ಒಂದು ಪ್ರಯೋಗ ಮಾಡಿದಳು. ಮೈ ಮುಟ್ಟದೆ ಕೈಯಾಡಿಸಿ ಶಕ್ತಿ ಗುರುತಿಸುತ್ತೇವೆ ಅನ್ನುವ 'ಥೆರಪ್ಯೂಟಿಕ್ ಟಚ್' ಪದ್ಧತಿಯ 21 ಜನರನ್ನು ಕೂರಿಸಿದಳು. ನಡುವೆ ಒಂದು ಅಡ್ಡ ಹಲಗೆ. ಅದರ ತೂತಿನಲ್ಲಿ ಅವರು ಎರಡೂ ಕೈ ಚಾಚಬೇಕು. ಯಾವ ಕೈ ಮೇಲೆ ತನ್ನ ಕೈ ಹಿಡಿದಿದ್ದೇನೆ, ಹೇಳಿ ಅಂದಳು. ಸರಿ ಬಂದದ್ದು ಶೇಕಡಾ 44. ಸುಮ್ನೆ ಊಹಿಸಿದರೂ 50 ಬರಬೇಕು. 1998ರಲ್ಲಿ ಅದು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಅದು ರೇಕಿ ಅಲ್ಲ, ಬೇರೆ ಪದ್ಧತಿ, ನಿಜ. ಆದರೂ ಆ ಮಗು ಕೇಳಿದ ಪ್ರಶ್ನೆ ನಮಗೂ ಸೇರಿದ್ದೇ. ಹಾಗಾಗಿ "ಕೈ ಬಿಸಿಯಾಯ್ತು, ನಿಮ್ಮ ನಾಯಿಗೆ ಲಿವರ್ ತೊಂದರೆ ಇದೆ" ಅನ್ನುವ ಮಾತು ನನ್ನ ಬಾಯಿಂದ ಬರುವುದಿಲ್ಲ. ಫೋಟೋ ನೋಡಿ ರೋಗ ಹೇಳುವವರನ್ನು ದಯವಿಟ್ಟು ನಂಬಬೇಡಿ. ರೋಗ ಹೇಳುವುದಕ್ಕೆ ರಕ್ತಪರೀಕ್ಷೆ ಇದೆ, ಸ್ಕ್ಯಾನ್ ಇದೆ, ಓದಿದವರಿದ್ದಾರೆ.

ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತ ಮುಖ್ಯ. 2012ರದ್ದು, ಕೀಲುನೋವಿನಿಂದ ಕುಂಟುವ ನಾಯಿಗಳ ಬಗ್ಗೆ. ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ಕೊಟ್ಟ ನಾಯಿಗಳನ್ನು ನೋಡಿ ಮನೆಯವರಲ್ಲಿ ಬಹಳ ಜನ "ಪರವಾಗಿಲ್ಲ, ಸುಧಾರಿಸಿದೆ" ಅಂದರು. ಪಶುವೈದ್ಯರಿಗೂ ಹಾಗೇ ಕಂಡಿತು. ಆದರೆ ಕಾಲಿನ ಮೇಲೆ ಎಷ್ಟು ಭಾರ ಬಿಡುತ್ತಿದೆ ಅಂತ ಅಳೆಯುವ ಯಂತ್ರದಲ್ಲಿ ಆ ಸುಧಾರಣೆ ಇರಲಿಲ್ಲ. ನಾವು ಪ್ರೀತಿಸುವ ಜೀವ ಸುಧಾರಿಸಲಿ ಅನ್ನುವ ಆಸೆ ನಮ್ಮ ಕಣ್ಣಲ್ಲೇ ಇರುತ್ತದೆ. ನೋವು ಇನ್ನೂ ಇದೆ, ನಮಗೆ ಮಾತ್ರ ಕಾಣಿಸುತ್ತಿಲ್ಲ ಅಂದರೆ ಆ ಮೂಕ ಪ್ರಾಣಿ ಯಾರಿಗೆ ಹೇಳಬೇಕು? ಅದಕ್ಕೇ ನಾನು "ಹೇಗಿದೆ?" ಅಂತ ಕೇಳುವುದು ಕಡಿಮೆ. ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ನಡೆಸಿ ವಿಡಿಯೋ ಮಾಡಿ ಅನ್ನುತ್ತೇನೆ. ಹೋದ ವಾರದ್ದು, ಈ ವಾರದ್ದು ಪಕ್ಕಪಕ್ಕ ಇಟ್ಟು ನೋಡಿ. ತೂಕ ಬರೆದಿಡಿ. ತಿಂದದ್ದೆಷ್ಟು, ಬಿಟ್ಟದ್ದೆಷ್ಟು ಬರೆದಿಡಿ.

ಕೆಲವಕ್ಕೆ ನಾನು ಕೂರುವುದೇ ಇಲ್ಲ, ಮೊದಲು ಆಸ್ಪತ್ರೆಗೆ ಕಳಿಸುತ್ತೇನೆ. ಬೆಂಗಳೂರಿನ ಒಬ್ಬಳು ಹುಡುಗಿ ತನ್ನ ಗಂಡು ಬೆಕ್ಕಿಗೆ ಮಲಬದ್ಧತೆ ಅಂತ ಬರೆದಿದ್ದಳು. ಪದೇ ಪದೇ ಮರಳಿನ ಟ್ರೇಗೆ ಹೋಗಿ ಕೂರುತ್ತೆ, ತಿಣುಕುತ್ತೆ, ಕೂಗುತ್ತೆ, ಏನೂ ಬರಲ್ಲ ಅಂತ. ಗಂಡು ಬೆಕ್ಕು ಹಾಗೆ ಮಾಡಿದರೆ ಮೂತ್ರ ಕಟ್ಟಿರಬಹುದು. ಕಟ್ಟಿದ್ದರೆ ಒಂದೆರಡು ದಿನದಲ್ಲಿ ಜೀವಕ್ಕೇ ಅಪಾಯ. "ಬೆಳಿಗ್ಗೆ ತನಕ ಕಾಯಬೇಡಮ್ಮಾ, ಈಗಲೇ ಹೋಗು" ಅಂದೆ. ಕಟ್ಟಿಯೇ ಇತ್ತು. ನಳಿಕೆ ಹಾಕಿ ತೆಗೆದರು. ನಾಯಿ ವಿಷ ತಿಂದಿದ್ದರೆ, ಹೊಟ್ಟೆ ಒಮ್ಮೆಲೇ ಉಬ್ಬಿದ್ದರೆ, ಮರಿ ಹಾಕಲು ಒದ್ದಾಡುತ್ತಿದ್ದರೆ, ಚಿಕ್ಕ ಮರಿ ರಕ್ತ ಭೇದಿ ಮಾಡುತ್ತಿದ್ದರೆ ಕೂಡ ಇದೇ ಮಾತು. ನಾಯಿಗೆ ಜೊಲ್ಲು ಸುರಿಯುತ್ತಿದೆ, ಸ್ವಭಾವ ಬದಲಾಗಿದೆ, ನುಂಗಲು ಆಗುತ್ತಿಲ್ಲ ಅಂದರೆ ಹತ್ತಿರವೇ ಹೋಗಬೇಡಿ, ಪಕ್ಕ ಕೂರುವ ಮಾತೇ ಇಲ್ಲ. ಹುಚ್ಚುನಾಯಿ ರೋಗದ ಲಕ್ಷಣ ಶುರುವಾದ ಮೇಲೆ ಮದ್ದಿಲ್ಲ. ಕಚ್ಚಿದ್ದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ಇಂಜೆಕ್ಷನ್ನಿಗೆ ಹೋಗಿ.

ಮನೆಯಲ್ಲಿರುವ ನಮ್ಮ ಮಾತ್ರೆಗಳನ್ನು ಕೊಡಬೇಡಿ. ಜ್ವರ ಅಂತ ಬೆಕ್ಕಿಗೆ ಅರ್ಧ ಪ್ಯಾರಾಸಿಟಮಾಲ್ ಕೊಟ್ಟರೂ ಅದು ಸಾಯಬಹುದು. ಐಬುಪ್ರೊಫೇನ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಹಾಳು ಮಾಡುತ್ತದೆ.

2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಊರ ಕಡೆಯಿಂದ ಬಂದ ಫೋನುಗಳು ನೆನಪಾದರೆ ಈಗಲೂ ಸಂಕಟವಾಗುತ್ತದೆ. ಮೈ ತುಂಬ ಗಂಟೆದ್ದ ದನಗಳ ಫೋಟೋ. ಅದು ವೈರಸ್ಸು. ನೊಣ, ಸೊಳ್ಳೆ, ಉಣುಗು ಹರಡುತ್ತವೆ. ಮೇಕೆ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಹಾಕುತ್ತಿದ್ದರು. ಕೆಲವರು "ನೀವು ಕೂತರೆ ಸಾಕು, ಲಸಿಕೆ ಹಾಕಿದರೆ ಹಾಲು ಇಳಿಯುತ್ತದೆ" ಅಂದರು. ಬೇಡಿಕೊಂಡೆ. ಹಾಲು ನಾಲ್ಕು ದಿನ ಇಳಿದರೆ ಇಳಿಯಲಿ, ದನ ಉಳಿಯಬೇಕಲ್ಲ. ಕೊಟ್ಟಿಗೆಯಲ್ಲಿ ಬೇವಿನ ಹೊಗೆ ಹಾಕಿ, ರೋಗದ ದನವನ್ನು ಬೇರೆ ಕಟ್ಟಿ ಅಂತ ಹೇಳಿ, ಆಮೇಲೆ ಕೂತೆ. ಆಗ ಕೆಲವು ಹೋದವು, ಕೆಲವು ಉಳಿದವು. ರಾಜ್ಯದಲ್ಲಿ 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಗಾಡಿ ಬರುತ್ತದೆ. ಆ ನಂಬರು ಕೊಟ್ಟಿಗೆ ಗೋಡೆಯ ಮೇಲೆ ಇದ್ದಿಲಿನಲ್ಲಾದರೂ ಬರೆದಿಡಿ.

ಹಾಗಾದರೆ ಎಲ್ಲಿ ನನಗೆ ಕೂರಲು ಮನಸ್ಸು ಬರುತ್ತದೆ? ಚಿಕಿತ್ಸೆ ನಡೆಯುತ್ತಿರುವಾಗ. ಆಪರೇಷನ್ ಆಗಿ ಮನೆಗೆ ಬಂದಾಗ. ಬೀದಿಯಿಂದ ತಂದ ಹೆದರಿದ ಮರಿ ಮಂಚದ ಕೆಳಗೆ ಸೇರಿಕೊಂಡಾಗ. ಮುಖ್ಯವಾಗಿ, ಕೊನೆಯ ದಿನಗಳಲ್ಲಿ.

ನನ್ನ ಹಳೆಯ ಸಹೋದ್ಯೋಗಿ ಒಬ್ಬರು ಹುಬ್ಬಳ್ಳಿಯಲ್ಲಿದ್ದಾರೆ. ಅವರ ಲ್ಯಾಬ್ರಡಾರಿಗೆ ವಯಸ್ಸಾಗಿತ್ತು, ಕಿಡ್ನಿ ಕೆಲಸ ಮಾಡುತ್ತಿರಲಿಲ್ಲ. "ರೇಕಿ ಕೊಟ್ರೆ ಇನ್ನೊಂದು ವರ್ಷ ಇರ್ತಾನಾ ಮೇಡಂ?" ಅಂತ ಕೇಳಿದರು. ಇಲ್ಲ, ಅದು ನನ್ನ ಕೈಲಿಲ್ಲ, ಆದರೆ ದಿನಾ ಅವನ ಜೊತೆ ನಾವಿಬ್ಬರೂ ಕೂರೋಣ ಅಂದೆ. ರಾತ್ರಿ ಫೋನು ಸ್ಪೀಕರಿಗೆ ಹಾಕಿ ನೆಲದ ಮೇಲಿಡುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಅವನ ಉಸಿರು, ಫ್ಯಾನಿನ ಸದ್ದು ಕೇಳಿಸುತ್ತಿತ್ತು. ಕೆಲವು ರಾತ್ರಿ ಕಳೆದ ಮೇಲೆ ಅವರೇ ಹೇಳಿದರು, "ಇವನು ಎಡಮಗ್ಗುಲಿಗೆ ಮಲಗೋದೇ ಇಲ್ಲ ಮೇಡಂ. ತಿರುಗಿಸಿದ್ರೆ ಗುರ್ ಅಂತಾನೆ. ನಾನು ಇಷ್ಟು ದಿನ ನೋಡೇ ಇರಲಿಲ್ಲ." ಡಾಕ್ಟರಿಗೆ ಹೇಳಿ ಅಂದೆ. ಅವರು ಸೊಂಟ ಮುಟ್ಟಿ ನೋಡಿ, ಕಿಡ್ನಿಗೆ ತೊಂದರೆಯಾಗದ ನೋವಿನ ಔಷಧಿ ಹುಡುಕಿ ಕೊಟ್ಟರು. ಹಾಸಿಗೆ ದಪ್ಪದ್ದು ಮಾಡಿದರು. ಅವನಿಗೆ ಉಳಿದ ದಿನಗಳಲ್ಲಿ ನಿದ್ದೆ ಬಂತು. ಕೊನೆಗೆ ಸುಖವಾಗಿ ಕಳಿಸಿಕೊಡುವ ಇಂಜೆಕ್ಷನ್ನಿನ ಮಾತು ಡಾಕ್ಟರು ಎತ್ತಿದಾಗ ಅವರು ನನ್ನನ್ನು ಕೇಳಿದರು. ಆ ತೀರ್ಮಾನ ಮನೆಯವರದು, ಡಾಕ್ಟರದು. ರೇಕಿಯ ಹೆಸರಿನಲ್ಲಿ ನಾನು ಅದಕ್ಕೆ ಅಡ್ಡ ಬರುವುದಿಲ್ಲ. ಅವತ್ತೂ ಕೂತಿದ್ದೆ.

ದುಡ್ಡಿನ ಮಾತೂ ಹೇಳಿಬಿಡಬೇಕು. ನಾನು ತೆಗೆದುಕೊಳ್ಳುವುದಿಲ್ಲ. ಬೇರೆಯವರು ಕಲಿತ ಕೆಲಸಕ್ಕೆ ಫೀಸು ತಗೊಂಡರೆ ನನ್ನ ತಕರಾರಿಲ್ಲ. ಆದರೆ "ಹನ್ನೊಂದು ಸೆಷನ್ ಪ್ಯಾಕೇಜು, ಟ್ಯೂಮರ್ ಕರಗುತ್ತದೆ" ಅಂತ ಸಾವಿರಗಟ್ಟಲೆ ಕೀಳುವವರನ್ನು ಕಂಡರೆ ನನಗೆ ತಡೆಯಲಾಗದಷ್ಟು ಸಿಟ್ಟು ಬರುತ್ತದೆ. ಆ ದುಡ್ಡಿನಲ್ಲಿ ಒಂದು ಸ್ಕ್ಯಾನ್ ಆಗುತ್ತದೆ. ಅಳುತ್ತಿರುವವರ ಹತ್ತಿರ ವ್ಯಾಪಾರ ಮಾಡಬಾರದು. ಔಷಧಿ ನಿಲ್ಲಿಸಿ ಅಂತ ಯಾವ ಹೀಲರ್ ಹೇಳಿದರೂ ಅಲ್ಲಿಗೆ ಆ ಫೋನು ಇಟ್ಟುಬಿಡಿ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಪ್ರಕಾರ ಪ್ರಾಣಿಗಳಿಗೆ ವೈದ್ಯ ಮಾಡಲು ನೋಂದಾಯಿತ ಪಶುವೈದ್ಯರೇ ಆಗಬೇಕು. ನಾವು ಅವರ ಜಾಗದಲ್ಲಿ ನಿಲ್ಲುವವರಲ್ಲ.

ಸರಿ, ನಾನು ನಿಮ್ಮ ಪ್ರಾಣಿಗೆ ಕೂರಬೇಕು ಅಂದರೆ ಇಷ್ಟು ಕಳಿಸಿ. ಮುಖ ಕಾಣುವ ಒಂದು ಫೋಟೋ. ಮನೆಯಲ್ಲಿ ಕರೆಯುವ ಹೆಸರು, ಬಿಲ್ಲಿನಲ್ಲಿರುವ ಹೆಸರು ಬೇಡ. ವಯಸ್ಸು, ಏನು ತೊಂದರೆ, ಯಾವಾಗಿನಿಂದ. ಡಾಕ್ಟರ ಚೀಟಿಯ ಫೋಟೋ. ಪಕ್ಕದಲ್ಲಿ ಕೂರುವವರು ಯಾರು ಅಂತ. ಮಕ್ಕಳು ಕೂರುತ್ತೇವೆ ಅಂದರೆ ಬಹಳ ಸಂತೋಷ, ಅವರಿಗೆ ಎಣಿಸುವುದು ಇಷ್ಟ. ನಾಯಿಯ ಹತ್ತಿರ ಚಿಕ್ಕವರನ್ನು ಮಾತ್ರ ಒಬ್ಬರನ್ನೇ ಬಿಡಬೇಡಿ, ನೋವಿರುವ ನಾಯಿ ಮನೆಯವರನ್ನೂ ಕಚ್ಚುತ್ತದೆ. ನಾನು ಕೂರುವುದು ರಾತ್ರಿ ಒಂಬತ್ತರ ಮೇಲೆ. ಅಷ್ಟೊತ್ತಿಗೆ ಹಾಲು ಕರೆದಾಗಿರುತ್ತದೆ, ದನ ಮಲಗಿ ಮೆಲುಕು ಹಾಕುತ್ತಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ನೋಡುವುದಿಲ್ಲ. ಬೆಂಗಳೂರಿನವರು ಹತ್ತೂವರೆಗೆ ಆಫೀಸಿಂದ ಬರುತ್ತೇವೆ ಅಂದರೆ ಅದಕ್ಕೂ ಎದ್ದಿರುತ್ತೇನೆ, ಮೊದಲೇ ಒಂದು ಮಾತು ಹೇಳಿ ಅಷ್ಟೇ.